ನವಮಿಯಂದು ಮಲಗಿದ ಕಂಪ್ಯೂಟರ್

ದಶಮಿಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಕಂಪ್ಯೂಟರಿನ ಗುಂಡಿ ಒತ್ತಿದೆ. ನೀಲಿ ದೀಪ ಹತ್ತಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಎರಡು ಸಾಲು ಬಂದು ನಿಂತವು. ನಾನು ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುವವನು. ಕನ್ನಡಕ ಹುಡುಕಿ ತಂದು, ಪರದೆಗೆ ಮುಖ ಹತ್ತಿರ ಹಿಡಿದು, ‘ಸಿಪಿಯು ಫ್ಯಾನ್ ಎರರ್’ ಎಂದು ಮೊದಲ ಸಾಲು ಮುಗಿಸಿದೆ. ಎರಡನೆಯದರಲ್ಲಿ ಎಫ್ ಒನ್ ಒತ್ತು ಎಂದಿತ್ತು. ಒತ್ತಿದೆ. ಪರದೆಯಲ್ಲಿ ಚುಕ್ಕೆಗಳು ಸುತ್ತತೊಡಗಿದವು. ಸದ್ಯ ಬಂತು ಎಂದು ಉಸಿರು ಬಿಡುವಾಗಲೇ ಪೆಟ್ಟಿಗೆ ತಾನಾಗಿ ಆರಿಹೋಯಿತು.

ಹಿಂದೆ ತಿರುಗಿ ನೋಡಿದೆ. ಮಂಚದ ಮೇಲೆ ದಿಂಬಿಗೆ ಒರಗಿ ಭಟ್ಟರು ನನ್ನನ್ನೇ ನೋಡುತ್ತಿದ್ದರು.

ಭಟ್ಟರು ನಮ್ಮ ಸಂಬಂಧಿಕರಲ್ಲ. ಲೇಕ್ ಗಾರ್ಡನ್ಸಿನ ಈ ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಉಡುಪಿ ಹೋಟೆಲಿನಲ್ಲಿ ಅವರು ದೊಡ್ಡ ಅಡಿಗೆಯವರು. ನಾನು ಕುಂದಾಪುರದ ಕಡೆಯ ಸಣ್ಣ ಪೇಟೆಯಿಂದ ಬಂಗಾಳಕ್ಕೆ ಬಂದು ಅವರ ಕೈಕೆಳಗೆ ಸೇರಿದಾಗ ಹೆಂಡತಿಗೆ ಕಾಗದ ಬರೆಯಲಿಕ್ಕೂ ಇನ್ನೊಬ್ಬರನ್ನು ಕೇಳುತ್ತಿದ್ದೆ. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವನು. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದ ಮೇಲೆ ಎರಡು ಗಂಟೆ ನನ್ನನ್ನು ಪಾತ್ರೆಯ ಹತ್ತಿರ ಬರಲು ಬಿಡದೆ, ಅಕ್ಕಿಮೂಟೆಯ ಮೇಲೆ ಕೂರಿಸಿ ಓದಲು ಹಚ್ಚಿದವರು ಅವರು. ಮೂವತ್ತಾರನೇ ವಯಸ್ಸಿಗೆ ನಾನು ಹತ್ತನೇ ತರಗತಿ ಪಾಸಾದೆ. ಅಂದು ಅವರು ಇಡೀ ಹೋಟೆಲಿಗೆ ಪಾಯಸ ಮಾಡಿದರು.

ಹೋದ ವರ್ಷ ಅವರಿಗೆ ತಾವು ಕಲಿತದ್ದನ್ನೆಲ್ಲ ಬರೆದಿಡಬೇಕು ಎನಿಸಿತು. ನೂರು ಜನರಿಗೆ ಸಾರು, ಇನ್ನೂರು ಜನರಿಗೆ ಬಿಸಿಬೇಳೆಬಾತು, ಇಲ್ಲಿಯ ನೀರಿಗೆ, ಇಲ್ಲಿಯ ಬೆಲ್ಲಕ್ಕೆ ಹೊಂದುವ ಹಾಗೆ. ಫೋನಿನಲ್ಲಿ ಮಾತು ಹಿಡಿದುಕೊಳ್ಳುತ್ತೇನೆ ಎಂದರೆ ಒಪ್ಪಲಿಲ್ಲ.

“ಯಂತ್ರಕ್ಕೆ ಎಂತ ಹೇಳುದು ಮಾರಾಯ? ಅದು ಹೌದು ಅಂತ ತಲೆ ಆಡಿಸ್ತದಾ? ನಾನು ನಿಂಗೆ ಹೇಳ್ತೇನೆ. ನೀನು ಬರಿ.”

ಹಾಗೆ ಅವರು ಹೇಳಿದರು, ನಾನು ಬರೆದೆ. ಮಗಳು ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋದ ಹಳೆಯ ಕಂಪ್ಯೂಟರಿನಲ್ಲಿ, ಒಂದೇ ಬೆರಳಿನಿಂದ. ಕನ್ನಡದ ‘ಕ್ಷ’ ಬರಬೇಕಾದರೆ ಇಂಗ್ಲಿಷಿನ ಯಾವ ಯಾವ ಅಕ್ಷರ ಒತ್ತಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿಕೊಂಡಿದ್ದೆ. ಒಂದು ಅಡಿಗೆ ಬರೆದು ಮುಗಿಸಲು ನನಗೆ ನಾಲ್ಕೈದು ದಿನ ಬೇಕಾಗುತ್ತಿತ್ತು. ಭಟ್ಟರು ಹೇಳಿದ ವಾಕ್ಯವನ್ನೇ ಮೂರು ಸಲ ಹೇಳಬೇಕು. ಅವರಿಗೆ ಬೇಸರ ಬರುತ್ತಿರಲಿಲ್ಲ. “ನಿನ್ನ ಬೆರಳಿಗಿಂತ ನನ್ನ ಬೇಳೆ ಬೇಗ ಬೇಯ್ತದೆ” ಎಂದು ನಗುತ್ತಿದ್ದರು, ಅಷ್ಟೇ.

ಸಾರಿನದ್ದು ಹೇಳಿ ಮುಗಿಸಿದ ವಾರವೇ ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಾತು ಹೋಯಿತು. ಮದುವೆಯಾಗದ ಮನುಷ್ಯ, ಹೋಟೆಲಿನ ಮಹಡಿಯಲ್ಲಿ ಒಬ್ಬರೇ ಇದ್ದವರು. ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಕರೆತಂದೆವು. ಈಗ ಅವರ ತಮ್ಮ ಊರಿನಿಂದ ಬರುವವರಿದ್ದರು. ಏಕಾದಶಿಯ ಮಧ್ಯಾಹ್ನದ ರೈಲಿಗೆ ಅಣ್ಣನನ್ನು ಕರೆದುಕೊಂಡು ಹೋಗುವುದು ಎಂದು ನಿಶ್ಚಯವಾಗಿತ್ತು. ಹೋಗುವಾಗ ಎಲ್ಲವನ್ನೂ ಕಾಗದದಲ್ಲಿ ಅಚ್ಚು ಹಾಕಿಸಿ ಕೈಗೆ ಕೊಡುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ. ಆ ಮಾತಿನ ಮೇಲೆಯೇ ಅವರು ಹೊರಡಲು ಒಪ್ಪಿದ್ದು.

ಅದಷ್ಟೂ ಈ ಪೆಟ್ಟಿಗೆಯೊಳಗಿತ್ತು. ಬೇರೆ ಎಲ್ಲಿಯೂ ಇರಲಿಲ್ಲ. “ಅಪ್ಪಾ, ಪೆನ್ ಡ್ರೈವ್‌ನಲ್ಲಿ ಒಂದು ಕಾಪಿ ಇಡು, ಪ್ಲೀಸ್” ಎಂದು ಮಗಳು ಫೋನಿನಲ್ಲಿ ಎಷ್ಟೋ ಸಲ ಹೇಳಿದ್ದಳು. ಪೂರ್ತಿ ಮುಗಿಯಲಿ, ಒಟ್ಟಿಗೆ ಇಡುತ್ತೇನೆ ಎಂದುಕೊಂಡಿದ್ದೆ.

ಮತ್ತೆ ಗುಂಡಿ ಒತ್ತಿದೆ. ಅದೇ ಸಾಲು. ಅಡಿಗೆಮನೆಯಿಂದ ಹೆಂಡತಿ ಬಂದಳು.

“ಎಂತಾಯ್ತು?”

“ಫ್ಯಾನ್ ಸರಿ ಇಲ್ಲ ಅಂತ ಬರ್ತಾ ಉಂಟು.”

ಅವಳು ತಲೆಯೆತ್ತಿ ಮಾಡಿನ ಫ್ಯಾನ್ ನೋಡಿದಳು. ನಾನೂ ನೋಡಿದೆ. ಅದು ತಿರುಗುತ್ತಿತ್ತು.

“ಅದು ಕರೆಂಟು ಎಳೀತಾ ಇರ್ಬೇಕು. ಆಫ್ ಮಾಡಿ ನೋಡಿ.”

ಅದನ್ನು ಆರಿಸಿ ನೋಡಿದೆ. ಬೆವರಿಳಿಯಿತೇ ಹೊರತು ಬೇರೇನೂ ಆಗಲಿಲ್ಲ. ಪ್ಲಗ್ಗನ್ನು ಬೇರೆ ಕಡೆ ಹಾಕಿದೆ. ಹಿಂದಿನ ತಂತಿಗಳನ್ನು ಒಂದೊಂದಾಗಿ ಬಿಚ್ಚಿ, ಬಟ್ಟೆಯಲ್ಲಿ ಒರೆಸಿ, ಮತ್ತೆ ಸಿಕ್ಕಿಸಿದೆ. ಕೀಬೋರ್ಡ್ ತೆಗೆದು ನೋಡಿದೆ. ಅರ್ಧ ಗಂಟೆ ತಣ್ಣಗಾಗಲು ಬಿಟ್ಟೆ. ಪ್ರತಿ ಸಲ ದೀಪ ಹತ್ತುತ್ತಿತ್ತು, ಸಾಲು ಬರುತ್ತಿತ್ತು, ಒಂದೆರಡು ನಿಮಿಷಕ್ಕೆ ಆರಿಹೋಗುತ್ತಿತ್ತು. ಏಳನೆಯ ಸಲವೋ ಎಂಟನೆಯ ಸಲವೋ ಕೈ ಮುಂದೆ ಹೋಗಲಿಲ್ಲ. ಹೀಗೆ ಆರಿಸಿ ಹತ್ತಿಸಿ ಮಾಡಿದರೆ ಒಳಗಿರುವುದೂ ಹಾಳಾದರೆ?

ಅಷ್ಟು ಹೊತ್ತೂ ಭಟ್ಟರು ಎಡಗೈಯ ಮೂರು ಬೆರಳು ಕೂಡಿಸಿ, ಒಂದಕ್ಕೊಂದು ಉಜ್ಜಿ, ಮುಂದಕ್ಕೆ ಚಾಚಿ ತೋರಿಸುತ್ತಿದ್ದರು. ಅಡಿಗೆಮನೆಯಲ್ಲಿ ಅದು ಉಪ್ಪಿನ ಸನ್ನೆ. ಇಪ್ಪತ್ತು ವರ್ಷ ಆ ಸನ್ನೆಗೆ ನಾನು ಉಪ್ಪಿನ ಡಬ್ಬಿ ಎತ್ತಿಕೊಟ್ಟಿದ್ದೇನೆ.

“ಗಂಜಿಗೆ ಉಪ್ಪು ಹಾಕ್ಲಿಲ್ವಾ ನೀನು?” ಎಂದು ಹೆಂಡತಿಯನ್ನು ಗದರಿದೆ.

“ಹಾಕಿದ್ದೇನೆ ಮಾರ್ರೆ. ಡಾಕ್ಟ್ರು ಕಮ್ಮಿ ಹಾಕಿ ಅಂದದ್ದು.”

ಆದರೂ ಅವಳು ಚಿಟಿಕೆ ಉಪ್ಪು ತಂದು ಗಂಜಿಗೆ ಹಾಕಿ ಕದಡಿದಳು. ಭಟ್ಟರು ಗಂಜಿಯ ಬಟ್ಟಲು ದೂರ ತಳ್ಳಿ ಮತ್ತೆ ಅದೇ ಸನ್ನೆ ಮಾಡಿದರು. ಗಂಟಲಿನಿಂದ ಏನೋ ಸ್ವರ ಹೊರಟಿತು. ಕೋಪ ಬಂದಿದೆ ಎಂದುಕೊಂಡೆ. ಮುಖ ಕೊಟ್ಟು ನೋಡಲು ಧೈರ್ಯ ಸಾಲಲಿಲ್ಲ.

ರಿಪೇರಿ ಮಾಡಿಸೋಣವೆಂದರೆ ಅದು ದುರ್ಗಾಪೂಜೆಯ ಕೊನೆಯ ದಿನ. ಫೋನು ಮಾಡಿದ ಮೂರು ಅಂಗಡಿಯವರೂ ಹುಣ್ಣಿಮೆಯ ಲಕ್ಷ್ಮೀಪೂಜೆ ಕಳೆದ ಮೇಲೆ ಬನ್ನಿ ಎಂದರು. ಉಳಿದವರು ನಮ್ಮ ಗಲ್ಲಿಯ ತುದಿಯ ಕಂಪ್ಯೂಟರ್ ಅಂಗಡಿಯ ದಾದಾ ಒಬ್ಬರೇ. ಇಲ್ಲಿ ಗಂಡಸರನ್ನೆಲ್ಲ ದಾದಾ, ಅಣ್ಣ, ಎಂದೇ ಕರೆಯುವುದು. ಐವತ್ತು ದಾಟಿದ ಮನುಷ್ಯ, ನಮ್ಮ ಹೋಟೆಲಿನ ಸಾಂಬಾರಿನ ಗಿರಾಕಿ. ಆದರೆ ಅವರು ಪಂಡಾಲಿನ ಕಮಿಟಿಯಲ್ಲಿದ್ದರು. ಫೋನು ಎತ್ತಲಿಲ್ಲ. ಪೆಟ್ಟಿಗೆಯನ್ನೇ ಅಲ್ಲಿಗೆ ಒಯ್ಯುವುದೆಂದು ಎದ್ದೆ.

ಎರಡೂ ತೋಳಲ್ಲಿ ಮಗುವನ್ನು ಹೊತ್ತ ಹಾಗೆ ಹೊತ್ತುಕೊಂಡು ಗಲ್ಲಿಗಿಳಿದಾಗಲೇ ಅದರ ಅವತಾರ ನನ್ನ ಕಣ್ಣಿಗೆ ಬಿದ್ದದ್ದು. ಹಿಂದಿನ ದಿನ ನಮಗೆ ಆಯುಧಪೂಜೆ. ಪೆಟ್ಟಿಗೆಯ ಎದುರಿಗೆ ಮೂರು ಬೆರಳಿನ ಗಂಧ, ಕುಂಕುಮ. ಮೇಲೆ ಅಂಟುಪಟ್ಟಿ ಹಚ್ಚಿದ ಚೆಂಡುಹೂವಿನ ಸರ. ಪಂಡಾಲಿನ ಎದುರು ಹೆಂಗಸರು ಸಿಂಧೂರದ ತಟ್ಟೆ ಹಿಡಿದು ಸಾಲು ನಿಂತಿದ್ದರು. ದೇವಿಗೆ ಹಚ್ಚಿ, ಒಬ್ಬರಿಗೊಬ್ಬರು ಕೆನ್ನೆಗೆ ಬಳಿದುಕೊಂಡು, ಆ ಮೇಲೆ ಮೂರ್ತಿಯನ್ನು ವಿಸರ್ಜನೆಗೆ ಒಯ್ಯುವ ದಿನ.

“ಓ ದಾದಾ!” ಒಬ್ಬ ಹೆಂಗಸು ಕೂಗಿದಳು. “ಕಂಪ್ಯೂಟರನ್ನೂ ನೀರಿಗೆ ಬಿಡ್ತೀರಾ?”

“ಬಿಡಲಿ ಬಿಡು, ಆಫೀಸಿಗೆ ಹೋಗೋದು ತಪ್ಪಿತು!” ಇನ್ನೊಬ್ಬಳು ಅಂದಳು.

ಎಲ್ಲರೂ ನಕ್ಕರು. ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ನೀರಿಗೆ ಬಿಡುವ ಮಾತು ಕೇಳಿ ಪೆಟ್ಟಿಗೆಯನ್ನು ಇನ್ನೂ ಒತ್ತಿ ಹಿಡಿದುಕೊಂಡೆ.

ದಾದಾ ಹೊಸ ಜುಬ್ಬಾ ತೊಟ್ಟು ಮೂರ್ತಿ ಹೊರುವ ಬಿದಿರಿಗೆ ಹಗ್ಗ ಬಿಗಿಸುತ್ತಿದ್ದರು. ನನ್ನನ್ನು ಕಂಡದ್ದೇ ತಡ, ಎರಡೂ ಕೈ ಜೋಡಿಸಿದರು.

“ಇಡ್ಲಿ ದಾದಾ, ಇವತ್ತು ಬೇಡ. ಅಮ್ಮ ಹೊರಡ್ತಾ ಇದ್ದಾಳೆ. ಲಕ್ಷ್ಮೀಪೂಜೆ ಆಗಲಿ.”

“ನಾಳೆ ಮಧ್ಯಾಹ್ನ ಹೊರಡುವವರು ಒಬ್ಬರು ನಮ್ಮ ಮನೆಯಲ್ಲೂ ಇದ್ದಾರೆ.”

ನನ್ನ ಬಂಗಾಳಿ ಹೋಟೆಲಿನ ಬಂಗಾಳಿ. ತರಕಾರಿ ಆರಿಸಲು, ಗಿರಾಕಿಗೆ ಕೂರಿ ಎನ್ನಲು ಸಾಕಾಗುವಷ್ಟು. ಅದರಲ್ಲೇ ಹೇಳಿದೆ. ನೀವು ತಿನ್ನುವ ಸಾಂಬಾರು ಮಾಡಿದ ಮನುಷ್ಯನ ಮಾತು ಇದರ ಒಳಗಿದೆ. ಅವರಿಗೆ ಈಗ ಮಾತಿಲ್ಲ. ಇನ್ನೊಂದು ಸಲ ಕೇಳಿ ಬರೆಯಲು ಆಗುವುದಿಲ್ಲ.

ದಾದಾ ಹಗ್ಗವನ್ನು ಪಕ್ಕದವನ ಕೈಗೆ ಕೊಟ್ಟರು. “ಅರ್ಧ ಗಂಟೆ” ಎಂದರು. “ಅಷ್ಟರ ಮೇಲೆ ದೇವರೇ ಕರೆದರೂ ನಾನಿಲ್ಲ.”

ಅಂಗಡಿಯ ಬಾಗಿಲನ್ನು ಅರ್ಧ ಎತ್ತಿ ಇಬ್ಬರೂ ಬಗ್ಗಿ ಒಳಗೆ ಹೋದೆವು. ಅವರು ಪೆಟ್ಟಿಗೆಯನ್ನು ತಮ್ಮ ಪರದೆಗೆ ಜೋಡಿಸಿ ಹತ್ತಿಸಿದರು. ಅದೇ ಸಾಲು ಬಂತು. ಥಟ್ಟನೆ ಆರಿಸಿದರು.

“ಎಷ್ಟು ಸಲ ಹತ್ತಿಸಿದ್ರಿ ಹೀಗೆ?”

“ಮೂರು ನಾಲ್ಕು.” ಸುಳ್ಳು ಹೇಳಿದೆ.

ಅವರು ನನ್ನ ಮುಖ ನೋಡಿ ಸ್ಕ್ರೂ ಬಿಚ್ಚತೊಡಗಿದರು. ಹೊರಗೆ ಡೋಲು ಜೋರಾಯಿತು. ಪಕ್ಕದ ತಗಡು ಕಳಚಿತು. ನಾನು ಆ ಕಡೆ ನೋಡಲಾರದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಭಟ್ಟರಿಗೆ ಏನು ಹೇಳುವುದು ಎಂದು ಮನಸ್ಸಿನಲ್ಲೇ ವಾಕ್ಯ ಮಾಡುತ್ತಿದ್ದೆ. ಯಾವ ವಾಕ್ಯವೂ ಕೊನೆ ಮುಟ್ಟುತ್ತಿರಲಿಲ್ಲ.

“ಚಾಲ್!” ದಾದಾ ಕೂಗಿದರು. “ಆರೇ, ಚಾಲ್!”

ಚಾಲೂ ಆಯಿತು! ನನ್ನ ಕೈ ಆಗಲೇ ಫೋನಿನ ಮೇಲಿತ್ತು. ಹೆಂಡತಿ ಎತ್ತಿದ್ದೇ, “ಚಾಲೂ ಆಯ್ತು, ಭಟ್ರಿಗೆ ಹೇಳು” ಎಂದೆ. ಆ ಕಡೆಯಿಂದ ಅವಳು ಭಟ್ಟರ ಕಿವಿಯ ಹತ್ತಿರ ಜೋರಾಗಿ ಹೇಳಿದ್ದು ನನಗೂ ಕೇಳಿಸಿತು. ಅವರ ಗಂಟಲಿನ ಸ್ವರವೂ ಕೇಳಿಸಿತು.

ತಿರುಗಿ ನೋಡಿದರೆ ಪರದೆ ಕಪ್ಪಾಗಿತ್ತು. ಪೆಟ್ಟಿಗೆ ಬಿಚ್ಚಿಕೊಂಡು ಬಿದ್ದಿತ್ತು. ದಾದಾ ಚಿಮುಟದ ತುದಿಯಲ್ಲಿ ಏನೋ ಹಿಡಿದು ದೀಪಕ್ಕೆ ತೋರಿಸುತ್ತಿದ್ದರು. ಹಳದಿಯಾದ ಒಂದು ಅಕ್ಕಿಕಾಳು.

ಬಂಗಾಳಿಯಲ್ಲಿ ಚಾಲ್ ಎಂದರೆ ಅಕ್ಕಿ. ಇಪ್ಪತ್ತು ವರ್ಷ ಮೂಟೆಗಟ್ಟಲೆ ಚಾಲ್ ಆರಿಸಿ ತಂದವನು ನಾನು. ಆ ಕ್ಷಣ ನನ್ನ ಕಿವಿ ಕನ್ನಡದ್ದಾಗಿಬಿಟ್ಟಿತ್ತು.

“ಒಳಗಿನ ಫ್ಯಾನಿನ ರೆಕ್ಕೆಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡಿದೆ” ಎಂದರು ದಾದಾ. “ಫ್ಯಾನ್ ತಿರುಗ್ತಾ ಇಲ್ಲ, ಬಿಸಿ ಆಗ್ತಾ ಇದೆ, ಆರ್ತಾ ಇದೆ. ಊಟ ಇದರ ಒಳಗೆ ಕೂತು ಮಾಡ್ತೀರಾ?”

“ಊಟ ಅಲ್ಲ. ಪೂಜೆ.”

“ಯಂತ್ರದ ಪೂಜೆ ವಿಶ್ವಕರ್ಮನ ದಿನ ಮುಗೀತಲ್ಲ? ನಾನೂ ಮಾಡಿದೆ. ಹೊರಗೆ ಒಂದು ಬೊಟ್ಟು ಇಟ್ಟೆ. ಹೊಟ್ಟೆ ಸೀಳಿ ಅಕ್ಕಿ ತುಂಬಿಸಲಿಲ್ಲ.”

“ನಮ್ಮಲ್ಲಿ ನವಮಿಗೆ ಮಾಡುದು” ಎಂದೆ.

ಹೋಟೆಲಿನಲ್ಲಿ ನವಮಿಯ ಪೂಜೆ ಯಾವಾಗಲೂ ಭಟ್ಟರದ್ದೇ. ರುಬ್ಬುವ ಯಂತ್ರದ ಮುಚ್ಚಳ ತೆಗೆಸಿ ಒಳಗೇ ಅಕ್ಷತೆ ಹಾಕುವರು. “ಕೆಲಸ ಮಾಡುದು ಒಳಗಿನದ್ದು. ಹೊರಗಿನ ಚಿಪ್ಪಿಗೆ ಹಾಕಿ ಎಂತ ಸಿಕ್ತದೆ?” ಎನ್ನುವರು. ಈ ಸಲ ಅವರ ಖುಷಿಗೆಂದು ನಾನು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಬ್ರಷ್ಷಿನಲ್ಲಿ ದೂಳು ತೆಗೆದು, ಅವರ ಮಂಚದ ಬಳಿ ಇಟ್ಟಿದ್ದೆ. ಅರಸಿನ ಹಚ್ಚಿದ ಅಕ್ಕಿಯ ತಟ್ಟೆ ಹಿಡಿದಿದ್ದೆ. ಅವರು ಎಡಗೈಯ ಮೂರು ಬೆರಳಲ್ಲಿ ಅಕ್ಷತೆ ತೆಗೆದು ಒಳಗೆ ಹಾಕಿದ್ದರು.

ಮೂರು ಬೆರಳು ಕೂಡಿಸಿ, ಉಜ್ಜಿ, ಮುಂದಕ್ಕೆ ಚಾಚಿ. ಬೆಳಿಗ್ಗೆಯಿಂದ ಅವರು ಅದನ್ನೇ ಹೇಳುತ್ತಿದ್ದರು. ನಾನು ಗಂಜಿಗೆ ಉಪ್ಪು ಹಾಕಿಸುತ್ತಿದ್ದೆ.

ದಾದಾ ಬೆರಳಿನಿಂದ ಫ್ಯಾನನ್ನು ಒಂದು ಸುತ್ತು ತಿರುಗಿಸಿದರು. ತಳದಲ್ಲಿ ಬಿದ್ದಿದ್ದ ಇನ್ನೂ ಏಳೆಂಟು ಕಾಳುಗಳನ್ನು ಆರಿಸಿ ಕಾಗದದ ಚೂರಿನಲ್ಲಿ ಹಾಕಿದರು. ಗುಂಡಿ ಒತ್ತಿದರು. ಸಣ್ಣಗೆ ಗಾಳಿಯ ಸದ್ದು ಬಂತು. ಫ್ಯಾನಿನ ಸಾಲು ಬರಲಿಲ್ಲ. ಬದಲಿಗೆ ಬೇರೊಂದು ಸಾಲು ಬಂತು. ಡಿಸ್ಕನ್ನು ಪರೀಕ್ಷೆ ಮಾಡುತ್ತಿದೆ, ಆರಿಸಬೇಡಿ ಎಂದು ದಾದಾ ಓದಿ ಹೇಳಿದರು. ಶೇಕಡಾ ನಾಲ್ಕು. ಶೇಕಡಾ ಐದು.

“ಮೂರು ನಾಲ್ಕು ಸಲ ಅಲ್ಲ ನೀವು ಆರಿಸಿದ್ದು” ಎಂದರು.

“ಎಂಟು.”

“ಅದಕ್ಕೂ ಮೊದಲು? ಪೂಜೆಗೆ ಕೂರುವಾಗ ಸರಿಯಾಗಿ ಮುಚ್ಚಿದ್ರಾ?”

ಇಲ್ಲ. ನವಮಿಯ ಬೆಳಿಗ್ಗೆ ಸಾರಿನದ್ದನ್ನು ತೆರೆದು ತಪ್ಪು ತಿದ್ದುತ್ತಿದ್ದೆ. ಪೂಜೆಗೆ ಹೊತ್ತಾಯಿತು ಎಂದು ಹೆಂಡತಿ ಕರೆದಳು. ಗೋಡೆಯ ಸ್ವಿಚ್ಚನ್ನೇ ಆರಿಸಿ ಎದ್ದಿದ್ದೆ.

ಶೇಕಡಾ ಹನ್ನೊಂದರಲ್ಲಿ ಅದು ನಿಂತುಬಿಟ್ಟಿತು. ಫೋನು ಹೊಡೆದುಕೊಂಡಿತು. ಹೆಂಡತಿ.

“ಭಟ್ರು ಕೇಳ್ತಾ ಇದ್ದಾರೆ. ಕೈ ಸನ್ನೆ ಮಾಡ್ತಾರೆ, ಎಲ್ಲಿ ಅಂತ. ಬರ್ತೀರಾ ಈಗ?”

“ಬರ್ತೇನೆ ಅಂತ ಹೇಳು.”

“ದನಿ ಎಂತ ಹಾಗೆ? ಚಾಲೂ ಆಗಿದೆ ಅಲ್ವಾ?”

“ಆಗ್ತಾ ಉಂಟು.”

ಹನ್ನೊಂದು ಹನ್ನೊಂದಾಗಿಯೇ ಉಳಿಯಿತು. ಹೊರಗಿನಿಂದ ಯಾರೋ ಬಾಗಿಲು ಬಡಿದು ದಾದಾರನ್ನು ಕರೆದರು. “ಬರ್ತೀನಿ ಬರ್ತೀನಿ” ಎಂದರೇ ಹೊರತು ಅವರು ಏಳಲಿಲ್ಲ. ಸ್ಟೂಲನ್ನು ನನ್ನ ಕಡೆಗೆ ತಳ್ಳಿದರು. ನಾನು ಕೂರಲಿಲ್ಲ. ಕೂತರೆ ಅದು ಅಲ್ಲಿಯೇ ನಿಲ್ಲುತ್ತದೆ ಎಂಬ ಮಂಕುಬುದ್ಧಿ. ಅಂಕಿ ಒಮ್ಮೆಲೇ ಇಪ್ಪತ್ತೆಂಟಕ್ಕೆ ಹಾರಿತು. ಆಮೇಲೆ ಅರವತ್ತು. ಆಮೇಲೆ ಮಗಳು ಹಾಕಿಟ್ಟ ಹಳೆಯ ಸಮುದ್ರದ ಚಿತ್ರ ಪರದೆಯ ತುಂಬ ಬಂತು.

ಒಂದೊಂದನ್ನೇ ತೆರೆದೆವು. ಬಿಸಿಬೇಳೆಬಾತು ಇತ್ತು. ಅವಲಕ್ಕಿ ಇತ್ತು. ಮಜ್ಜಿಗೆಹುಳಿ, ಪಾಯಸ, ಇಡ್ಲಿಯ ಹಿಟ್ಟಿಗೆ ಚಳಿಗಾಲದಲ್ಲಿ ಏನು ಮಾಡಬೇಕು ಎಂಬುದೂ ಇತ್ತು. ಕನ್ನಡ ಬಾರದ ದಾದಾ ಪ್ರತಿಯೊಂದಕ್ಕೂ ನನ್ನ ಮುಖ ನೋಡಿ ತಲೆಯಾಡಿಸುತ್ತಿದ್ದರು. ಕೊನೆಯದು ಸಾರು. ಅದು ತೆರೆಯಲಿಲ್ಲ. ದಾದಾ ಬೇರೆ ದಾರಿಯಲ್ಲಿ ನೋಡಿದರು, ಹಳೆಯ ಪ್ರತಿ ಹುಡುಕಿದರು. ಕೊನೆಗೂ ತೆರೆದಾಗ ಬಿಳಿ ಹಾಳೆ ಬಂತು.

“ಇದು ಹೋಯಿತು ದಾದಾ” ಎಂದರು, ಮೆಲ್ಲಗೆ.

ಉಳಿದದ್ದೆಲ್ಲ ಅವರ ಪ್ರಿಂಟರಿನಲ್ಲಿ ಅಚ್ಚಾಗಿ ಬಂತು. ಒಂದು ಪೆನ್ ಡ್ರೈವ್‌ಗೂ ಹಾಕಿಕೊಟ್ಟರು. ಅರ್ಧ ಗಂಟೆ ಎಂದವರು ಒಂದೂವರೆ ಗಂಟೆ ಕೂತಿದ್ದರು. ಬಾಗಿಲೆಳೆದು ಜುಬ್ಬಾ ಕೊಡವಿಕೊಂಡು ಮೂರ್ತಿಯ ಕಡೆಗೆ ಓಡಿದರು.

ಮನೆಗೆ ಬಂದು ಕಾಗದದ ಕಟ್ಟನ್ನು ಭಟ್ಟರ ಮಡಿಲಲ್ಲಿಟ್ಟೆ. ದೂಳು ಸಿಕ್ಕಿಕೊಂಡಿತ್ತು ಎಂದು ಹೇಳುವುದು ಎಂದು ದಾರಿಯಲ್ಲೇ ನಿಶ್ಚಯ ಮಾಡಿದ್ದೆ. ಅವರು ಕಾಗದ ಮುಟ್ಟಲಿಲ್ಲ. ನನ್ನ ಮುಖ ನೋಡುತ್ತ ಮೂರು ಬೆರಳು ಕೂಡಿಸಿದರು.

“ಹೌದು ಭಟ್ರೇ” ಎಂದೆ. “ಅಕ್ಷತೆಯೇ.”

ಜೇಬಿನಿಂದ ಕಾಳುಗಳ ಪೊಟ್ಟಣ ತೆಗೆದು ತೋರಿಸಿದೆ. ಅವರು ಕಣ್ಣು ಮುಚ್ಚಿಕೊಂಡರು. ನನಗೆ ಹೆದರಿಕೆಯಾಯಿತು. ಆದರೆ ಹೊಟ್ಟೆ ಕುಲುಕುತ್ತಿತ್ತು. ಬಾಯಿಯ ಒಂದು ಬದಿ ಮಾತ್ರ ಮೇಲೆದ್ದಿತ್ತು. ಲಕ್ವ ಹೊಡೆದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲೆ ಸಾರು ಹೋದ ವಿಷಯ ಹೇಳಿದೆ. ನಗು ನಿಂತಿತು. ಕಾಗದಗಳನ್ನು ಎಡಗೈಯಿಂದ ಒಂದೊಂದಾಗಿ ಸರಿಸಿ ಕೊನೆಯವರೆಗೆ ಹುಡುಕಿದರು. ನನ್ನ ಮಾತಿನಲ್ಲಿ ನಂಬಿಕೆಯಿಲ್ಲ ಎಂಬ ಹಾಗೆ ಮತ್ತೊಮ್ಮೆ ಮೊದಲಿನಿಂದ ಹುಡುಕಿದರು. ಹೆಂಡತಿ ಬಾಗಿಲ ಬಳಿ ಸೆರಗು ಹಿಡಿದು ನಿಂತಿದ್ದಳು.

“ನಿಮ್ಗೆ ನೆನಪಿಲ್ವಾ?” ಎಂದಳು. “ಒಂದು ಸಾಲಿಗೆ ಒಂದು ದಿನ ಕೂತವರು ನೀವು.”

ಹಾಗೆಂದು ನಾನು ಯೋಚಿಸಿರಲೇ ಇಲ್ಲ. ಮಗಳ ಹಳೆಯ ಬರೆಯುವ ಪಟ್ಟಿಯಿಂದ ಹಾಳೆ ಹರಿದು, ಪೆನ್ಸಿಲು ಹಿಡಿದು ಮಂಚದ ಬಳಿ ನೆಲದ ಮೇಲೆ ಕೂತೆ. ಹೇಳುತ್ತ ಬರೆದೆ. ತೊಗರಿಬೇಳೆ ಇಷ್ಟು, ನೀರು ಇಷ್ಟು. ಬೇಳೆಗೆ ಅರಸಿನದ ಜೊತೆ ಒಂದು ಸೌಟು ತೆಂಗಿನೆಣ್ಣೆ. ಕೊತ್ತಂಬರಿ, ಜೀರಿಗೆ, ಮೆಂತೆ ಬೇರೆ ಬೇರೆ ಹುರಿಯಬೇಕು, ಒಟ್ಟಿಗೆ ಹಾಕಿದವನನ್ನು ಅಡಿಗೆಮನೆಯಿಂದ ಹೊರಗೆ ಹಾಕಬೇಕು. ಅದನ್ನೂ ಅವರು ಹಾಗೆಯೇ ಬರೆಸಿದ್ದರು. ‘ಹುರಿ’ಯ ರಿ ಬರಲು ಯಾವ ಅಕ್ಷರ ಒತ್ತಿದ್ದೆ, ‘ಮೆಂತೆ’ಯ ಸೊನ್ನೆಗೆ ಎಷ್ಟು ಹೊತ್ತು ಹುಡುಕಿದ್ದೆ ಎನ್ನುವುದು ನೆನಪಾಯಿತು. ಅದರ ಹಿಂದೆ ವಾಕ್ಯವೂ ಬಂತು. ಭಟ್ಟರು ಕಣ್ಣು ಮುಚ್ಚಿ ಕೇಳುತ್ತಿದ್ದರು. ಸರಿಯಿದ್ದರೆ ಒಂದು ಬೆರಳು ಆಡಿಸುವರು. ಹುಣಸೆಯ ಲೆಕ್ಕದಲ್ಲಿ ತಪ್ಪಿದಾಗ ಹಾಸಿಗೆಗೆ ಪಟ್ಟನೆ ಹೊಡೆದರು. ಅಳತೆ ಬದಲಿಸುತ್ತ ಹೋದೆ. ಬೆರಳು ಆಡಿದಾಗ ನಿಲ್ಲಿಸಿದೆ.

“ಇಲ್ಲಿಯ ಬೆಲ್ಲವಾದರೆ ಅರ್ಧ ಅಚ್ಚು. ಕುದಿ ಬಂದ ಮೇಲೆ ಇಂಗು, ಕರಿಬೇವಿನ ಒಗ್ಗರಣೆ. ಮುಗೀತು” ಎಂದೆ.

ಭಟ್ಟರು ಕಣ್ಣು ತೆರೆದರು. ಮೂರು ಬೆರಳು ಕೂಡಿಸಿ ಉಜ್ಜಿ ಮುಂದೆ ಚಾಚಿದರು.

ನಾನು ಪೆನ್ಸಿಲು ಹಿಡಿದುಕೊಂಡೇ ಕೇಳಿದೆ. “ಭಟ್ರೇ, ಇದು ಉಪ್ಪಾ, ಅಕ್ಷತೆಯಾ?”

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಭಟ್ಟರು ಕೈಯನ್ನು ಬಾಯಿಗೆ ಮುಟ್ಟಿಸಿ ನಾಲಿಗೆ ತೋರಿಸಿದರು. ಆಗ ನೆನಪಾಯಿತು. ಬೆಲ್ಲ ಹಾಕಿದ ಮೇಲೆ ಇನ್ನೊಂದು ಚಿಟಿಕೆ ಉಪ್ಪು ಹಾಕದಿದ್ದರೆ ಸಾರು ಪಾನಕ ಆಗುತ್ತದೆ ಎಂದು ಅವರು ಮೂರು ಸಲ ಹೇಳಿ ಬರೆಸಿದ್ದ ಸಾಲು. ಬರೆದೆ.

ಮರುದಿನ ಅವರ ತಮ್ಮನ ಜೊತೆ ಸ್ಟೇಷನ್ನಿಗೆ ಹೋದೆ. ಕಿಟಕಿಯ ಪಕ್ಕ ಕೂರಿಸಿದೆವು. ಅಚ್ಚು ಹಾಕಿದ ಕಾಗದದ ಮೇಲೆ ಪೆನ್ಸಿಲಿನ ಹಾಳೆ, ಎಲ್ಲವೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅವರ ಎಡಗೈಯ ಕೆಳಗಿತ್ತು. ನನ್ನ ಜೇಬಿನಲ್ಲಿ ಪೆನ್ ಡ್ರೈವ್ ಇತ್ತು. ಅದು ಇದೆಯೇ ಎಂದು ದಾರಿಯುದ್ದಕ್ಕೂ ಮುಟ್ಟಿ ಮುಟ್ಟಿ ನೋಡಿಕೊಂಡಿದ್ದೆ.

ರೈಲು ಅಲುಗಿದಾಗ ಭಟ್ಟರು ಚೀಲದ ಮೇಲಿನ ಕೈ ತೆಗೆದು, ಮೂರು ಬೆರಳು ಕೂಡಿಸಿ, ಕಿಟಕಿಯ ಸರಳಿನ ನಡುವಿನಿಂದ ನನ್ನ ಕಡೆಗೆ ಚಾಚಿದರು. ಉಪ್ಪಾ, ಅಕ್ಷತೆಯಾ ಎಂದು ಕೇಳಲು ಹೊತ್ತಿರಲಿಲ್ಲ. ನಾನು ತಲೆ ಬಗ್ಗಿಸಿ ನಿಂತೆ.